ಎದ್ದು ಹೋದವರ ಲೆಕ್ಕ

ಕೆಳಮನೆಯ ಮೇಷ್ಟ್ರು ಅವತ್ತು ಬೆಳಿಗ್ಗೆ ಪೇಪರು ಹಿಡಿದು ಮೆಟ್ಟಿಲು ಹತ್ತಿ ಬಂದ ರೀತಿ ನೋಡಿದವರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿಕೊಂಡು ಬರುತ್ತಿದ್ದಾರೆ ಅಂದುಕೊಳ್ಳಬೇಕು. ಹಾಗಿತ್ತು ಹಿಡಿತ: ಎರಡೇ ಬೆರಳು, ಮುಂದಕ್ಕೆ ಚಾಚಿದ ತೋಳು, ಪಕ್ಕಕ್ಕೆ ತಿರುಗಿಸಿದ ಮೂಗು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಮೇಷ್ಟ್ರಿಗೆ ಆ ಮೂರು ಮಹಡಿಯ ಕಟ್ಟಡವೇ ಶಾಲೆ, ಮನೆಗಳೆಲ್ಲ ತರಗತಿಗಳು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯೂ ಅವರೇ. ಎಲ್ಲರ ಮನೆಗೂ ಒಂದೇ ಥರದ, ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಕಾಲಿಂಗ್ ಬೆಲ್ಲನ್ನು ಸಗಟಾಗಿ ತಂದು ಹಾಕಿಸಿದ ಮೇಲೆ ಅವರ ಅಧಿಕಾರ ಪ್ರತಿ ಬಾಗಿಲಿಗೂ ಮುಟ್ಟಿತ್ತು.

“ನಿಮ್ಮ ಮಗಳು ಒಂದನೇ ಸ್ಥಾನ ತಗೊಂಡಿದಾಳೆ,” ಅಂದರು ಅಮ್ಮನಿಗೆ.

ಅಮ್ಮನ ಮುಖ ಅರಳಿತು. ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದ ಮಗಳು ಮಾತ್ರ ಲೋಟ ಕೆಳಗಿಟ್ಟಳು. ಶಾಲೆಯ ಓಟದಿಂದ ಹಿಡಿದು ಪದವಿಯ ಪರೀಕ್ಷೆವರೆಗೆ ಯಾವುದರಲ್ಲೂ ಒಂದನೇ ಸ್ಥಾನ ಬಂದವಳಲ್ಲ ಅವಳು. ಕೇಳದೆ ಬಂದ ಸ್ಥಾನ ಒಳ್ಳೆಯದಾಗಿರಲು ಸಾಧ್ಯವೇ ಇಲ್ಲ.

“ಯಾವುದರಲ್ಲಿ ಮೇಷ್ಟ್ರೇ?” ಅಂದರು ಅಮ್ಮ.

ಮೇಷ್ಟ್ರು ಕನ್ನಡಕ ಏರಿಸಿ, ತಪ್ಪು ಮಾಡಿದ ಹುಡುಗನ ಉತ್ತರಪತ್ರಿಕೆ ಓದುವ ದನಿಯಲ್ಲಿ ಓದಿದರು: “ಮನೆಮಂದಿಯೆಲ್ಲ ಕೂತು ನೋಡಲಾಗದ ವರ್ಷದ ಹತ್ತು ಟೀವಿ ಜಾಹೀರಾತುಗಳು. ಪ್ರೇಕ್ಷಕರನ್ನು ಕೆಣಕಿ, ಕೆರಳಿಸಿ, ಕುರ್ಚಿಯಿಂದಲೇ ಎಬ್ಬಿಸಿದವು. ಒಂದನೇ ಸ್ಥಾನ, ನೆಲ ಒರೆಸುವ ದ್ರಾವಣದ ಜಾಹೀರಾತಿಗೆ.”

ಒಳಕೋಣೆಯಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಈ ಮನೆಯಲ್ಲಿ ಅವಳ ದನಿ ಮೊದಲು ಬರುತ್ತದೆ, ಆಮೇಲೆ ಅವಳು. “ಏನು ತೋರ್ಸಿದೀಯೇ ಅದರಲ್ಲಿ?”

“ನೆಲ, ಅತ್ತೆ.”

“ಏನು?”

“ನೆಲ,” ಅಂದಳು ಇನ್ನೊಂದು ಸಲ.

“ಬರೀ ನೆಲ?”

“ಒರೆಸೋ ಬಟ್ಟೆನೂ ಇದೆ.”

“ಬಟ್ಟೆ ಬರೀ ನೆಲದ ಮೇಲೆ ಮಾತ್ರ ಇತ್ತೋ ಹೇಗೆ, ಕೇಳಿ,” ಅಂದರು ಮೇಷ್ಟ್ರು, ಅಮ್ಮನ ಕಡೆ ತಿರುಗಿ.

ಆಫೀಸಿನಲ್ಲಿ ಅವಳಿಗೆ ‘ಪಿಸುಮಾತು’ ಎಂದೇ ಹೆಸರು. ಆ ಪುಟ್ಟ ಜಾಹೀರಾತು ಕಂಪನಿಗೆ ಬರಹಗಾರ್ತಿಯಾಗಿ ಸೇರಿದ ದಿನದಿಂದ ಅವಳಾಡಿದ ಒಂದು ಮಾತೂ ಪಕ್ಕದ ಕುರ್ಚಿ ದಾಟಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಬರೆದೇ ಹೇಳುತ್ತಿದ್ದಳು. ಹಾಗೆ ಬರೆದ ಮೊದಲ ಜಾಹೀರಾತು ಇದು: ನೆಂಟರು ಬಂದು ಬೆಲ್ ಮಾಡುತ್ತಾರೆ, ಮನೆಯಾಕೆ ಆಗಷ್ಟೇ ನೆಲ ಒರೆಸಿ ಮುಗಿಸಿರುತ್ತಾಳೆ, ಒಳಗೆ ಬಂದ ನೆಂಟರು ನೆಲದಲ್ಲಿ ತಮ್ಮ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾರೆ. ‘ಬಂದವರು ಒಳಗೆ ಬರಲಿ, ಕೊಳೆ ಹೊರಗೇ ಇರಲಿ’ ಎನ್ನುತ್ತದೆ ಒಂದು ದನಿ. ಅಷ್ಟೇ. ಅದರಲ್ಲಿ ಕೆರಳುವಂಥದ್ದು ಏನಾದರೂ ಇದ್ದರೆ ಬಾಚಣಿಗೆಯ ಹಲ್ಲು ಮಾತ್ರ.

ಅವತ್ತಿಗೆ ಅವಳ ಪ್ರೊಬೇಷನ್ ಮುಗಿಯುತ್ತಿತ್ತು. ಸಂಜೆಯೊಳಗೆ ಒಂದೋ ಕೆಲಸ ಖಾಯಮಾದ ಆರ್ಡರು ಕೈಗೆ ಬರಬೇಕು, ಇಲ್ಲವೇ ಮೇಜಿನ ಡ್ರಾಯರು ಖಾಲಿ ಮಾಡಿ ಮನೆಗೆ ಬರಬೇಕು.

“ನೀವು ನೋಡಿದೀರಾ ಅದನ್ನ?” ಅಂದರು ಅಮ್ಮ, ಮಗಳ ಪರವಾಗಿ ಸಣ್ಣ ದನಿಯಲ್ಲಿ.

“ನನಗೆಲ್ಲಿ ಪುರುಸೊತ್ತಮ್ಮ? ಟೀವಿ ಮುಂದೆ ಕೂತ್ರೆ ಸಾಕು, ಆ ಬೆಲ್ ಒತ್ತಿ ಓಡಿಹೋಗೋ ಕಿಡಿಗೇಡಿ ಶುರುಹಚ್ಕೋತಾನೆ. ಮೆಟ್ಟಿಲ ಹತ್ರ ನೋಟೀಸು ಹಾಕಿದೀನಿ, ಕೋಲು ಹಿಡಿದು ಬಾಗಿಲ ಹಿಂದೆ ನಿಂತಿದೀನಿ, ಕೈಗೆ ಸಿಕ್ತಿಲ್ಲ ಮಗ.”

“ನಮ್ಮನೇಲೂ ಅದೇ ಕಾಟ,” ಅಂದಳು ಅತ್ತೆ. “ಎದ್ದು ಹೋಗಿ ನೋಡಿದ್ರೆ ಒಂದು ನರಪಿಳ್ಳೆ ಇರಲ್ಲ.”

“ನಾನೂ ಇವಳದ್ದು ಬರುತ್ತೆ ಅಂತ ಕಾದಿದ್ದೇ ಕಾದಿದ್ದು. ಒಂದ್ಸಲನಾದ್ರೂ ಕಂಡಿಲ್ಲ,” ಅಂದರು ಅಮ್ಮ.

ಪಿಸುಮಾತು ತಾನೂ ಅದನ್ನು ಟೀವಿಯಲ್ಲಿ ಕಂಡಿರಲಿಲ್ಲ. ಜಾಹೀರಾತುಗಳ ಸರದಿ ಬಂತೆಂದರೆ ನಾಚಿಕೆಯಾಗಿ ಅಡುಗೆಮನೆ ಸೇರಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಮೆಟ್ಟಿಲಿಳಿಯುವಾಗ ಎದುರುಮನೆಯ ಟೈಲರಮ್ಮ ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡೇ ಓಡಿಬಂದು ಕೈ ಹಿಡಿದಳು. “ಏನೋ ಅಂದ್ಕೊಂಡಿದ್ದೆ ಕಣೇ ನಿನ್ನ! ಇಷ್ಟು ಗಟ್ಟಿಗಿತ್ತಿ ಅಂತ ಗೊತ್ತಿರ್ಲಿಲ್ಲ. ಎಷ್ಟೊತ್ತಿಗೆ ಬರುತ್ತೆ ಹೇಳು, ಬಾಗಿಲು ಹಾಕ್ಕೊಂಡು ನೋಡ್ತೀನಿ.”

“ಅದರಲ್ಲಿ ಏನೂ ಇಲ್ಲ, ಅಕ್ಕ.”

“ಹಾಗೇ ಹೇಳ್ಬೇಕು ಬಿಡು, ನಾಲ್ಕು ಜನರ ಮುಂದೆ,” ಎಂದು ಟೈಲರಮ್ಮ ಕಣ್ಣು ಮಿಟುಕಿಸಿದಳು.

ಆಫೀಸಿನಲ್ಲಿ ಬಾಸ್ ತಲೆಯ ಮೇಲೆ ಒದ್ದೆ ಕರವಸ್ತ್ರ ಹಾಕಿಕೊಂಡು ಕೂತಿದ್ದರು. ಅವರ ಮುಂದಿನ ಕಂಪ್ಯೂಟರಿನಲ್ಲಿ ಆ ಜಾಹೀರಾತು ದನಿಯಿಲ್ಲದೆ ಓಡುತ್ತಿತ್ತು.

“ನಾನೇ ನೋಡಿ ಒಪ್ಪಿದ್ದು ಕಣಮ್ಮ ಇದನ್ನ. ಅವತ್ತು ನೆಲ ಬಿಟ್ರೆ ಏನೂ ಕಂಡಿರ್ಲಿಲ್ಲ. ಈಗ ಪೇಪರು ಓದ್ಕೊಂಡು ನೋಡ್ತಿದ್ರೆ, ಆ ಯಮ್ಮ ಒರೆಸೋ ಕೋಲು ಹಿಡ್ಕೊಂಡಿರೋ ರೀತಿನೇ ಒಂಥರಾ ಅನ್ನಿಸ್ತಿದೆ. ಬಕೆಟ್ಟೂ ಸರಿಯಿಲ್ಲ ಅನ್ಸುತ್ತೆ.”

“ಸಾರ್, ಬಕೆಟ್ಟು ಬಕೆಟ್ಟೇ,” ಅಂದಳು ಪಿಸುಮಾತು.

“ಏನಂದೆ?”

“ಏನಿಲ್ಲ, ಸಾರ್.”

“ನೆಲದ ಸಾಹುಕಾರರು ಬೆಳಗ್ಗಿಂದ ಮೂರು ಸಲ ಫೋನ್ ಮಾಡಿದ್ರು.” ದ್ರಾವಣ ತಯಾರಿಸುವ ಸಾಹುಕಾರರ ಹೆಸರು ತೆಗೆದರೇ ಬಾಸ್‌ಗೆ ಬೆವರು ಬರುತ್ತಿತ್ತು. ಕಂಪನಿಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. “ಅವರ ಹೆಂಡ್ತಿ ಮಾತು ಬಿಟ್ಟಿದಾರಂತೆ. ಪೇಪರಿನವರು ಇವತ್ತು ಸಂಜೆಯೊಳಗೆ ತಪ್ಪಾಯ್ತು ಅಂತ ಹೇಳಿದ್ರೆ ಸರಿ. ಆಗ ನಿನ್ನ ಆರ್ಡರಿಗೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಸಾಹುಕಾರರೂ ಹೋಗ್ತಾರೆ, ನೀನೂ ಹೋಗ್ತೀಯ. ಹೋಗು, ಹೋಗಿ ಮಾತಾಡು.”

ಮಾತಾಡು! ಮೀನಿಗೆ ಮರ ಹತ್ತು ಅಂದಹಾಗಿತ್ತು ಅದು. ಆದರೂ ಹೋದಳು.

ಪೇಪರಿನ ಸಮೀಕ್ಷೆ ವಿಭಾಗ ಮುಖ್ಯ ಆಫೀಸಿನಲ್ಲಿರಲಿಲ್ಲ. ಜಾಗ ಸಾಲದೆ ಪಕ್ಕದ ರಸ್ತೆಯ ಒಂದು ಬಾಡಿಗೆ ಮನೆಗೆ ಹೋಗಿತ್ತು. ಹಿಂದೆ ಮಲಗುವ ಕೋಣೆಯಾಗಿದ್ದಲ್ಲಿ ರ‍್ಯಾಂಕು ತಜ್ಞರು ಕೂತಿದ್ದರು. ಗುಂಡು ಮುಖ, ಗುಂಡು ಕನ್ನಡಕ. ಅವರ ಮಾತೂ ಎಲ್ಲಿಂದ ಹಿಡಿದರೂ ಅಲ್ಲಿಗೇ ಬಂದು ಸೇರುತ್ತಿತ್ತು. ಎದುರಿಗೆ ಸಹಾಯಕಿ, ಗೋಡೆಯ ಮೇಲೆ ಬಾಗಿಲಗಲದ ಟೀವಿ.

“ನೀವು ಆ ಜಾಹೀರಾತನ್ನ ನೋಡಿದೀರಾ, ಸಾರ್?” ಎಂದು ಬರೆದು ತಂದಿದ್ದ ಚೀಟಿಯನ್ನೇ ಮುಂದಿಟ್ಟಳು.

“ನೋಡಬಾರದು, ಮೇಡಂ,” ಅಂದರು ತಜ್ಞರು, ಮಗುವಿಗೆ ಹೇಳುವಷ್ಟು ಸಹನೆಯಿಂದ. “ನೋಡಿದ್ರೆ ಅಭಿಪ್ರಾಯ ಬರುತ್ತೆ. ಅಭಿಪ್ರಾಯ ಬಂದ್ರೆ ವಿಜ್ಞಾನ ಹೋಗುತ್ತೆ. ನಾವು ಮನೆಮನೆ ಟೀವಿ ಮೇಲೆ ಒಂದು ಪೆಟ್ಟಿಗೆ ಇಟ್ಟಿದೀವಿ. ಅದಕ್ಕೆ ಕಿವಿ ಇಲ್ಲ, ಕಣ್ಣಿದೆ. ಮುಂದೆ ಎಷ್ಟು ತಲೆ ಇದೆ, ಎಷ್ಟು ತಲೆ ಎದ್ದು ಹೋಯ್ತು, ಅಷ್ಟೇ ಎಣಿಸುತ್ತೆ. ಯಾವ ಜಾಹೀರಾತಿಗೆ ಜನ ನಾಚ್ಕೊಂಡು ಎದ್ದು ಹೋಗ್ತಾರೋ ಅದು ಕೆರಳಿಸೋ ಜಾಹೀರಾತು. ನಿಮ್ಮದಕ್ಕೆ ಇಡೀ ಊರೇ ಎದ್ದು ಹೋಗಿದೆ! ಅಜ್ಜಂದಿರು, ಮಕ್ಕಳು ಎಲ್ಲ.”

“ಎರಡನೇ ಸ್ಥಾನ ಯಾವುದಕ್ಕೆ?”

“ಇನ್ಶೂರೆನ್ಸಿಂದು. ಉದ್ದದ್ದು. ಅರ್ಧಕ್ಕೇ ಎಲ್ರೂ ಬಾತ್‌ರೂಮಿಗೆ ಹೋಗ್ಬಿಡ್ತಾರೆ. ಅಷ್ಟು ಮುಜುಗರ!”

“ಮತ್ತೆ ಆ ಸೋಪಿನದು... ಬರೀ ನೊರೆ ಉಟ್ಕೊಂಡಿರೋ ಹುಡುಗಿ...” ಹೇಳುವಾಗಲೇ ಅವಳ ಕಿವಿ ಕೆಂಪಾಯಿತು.

“ಅದು ಬಹಳ ಸಭ್ಯ, ಮೇಡಂ. ಒಬ್ಬರೂ ಕುರ್ಚಿ ಬಿಟ್ಟು ಕದಲಿಲ್ಲ. ಅಡುಗೆಮನೇಲಿ ಇದ್ದವರೂ ಬಂದು ಕೂತಿದಾರೆ. ‘ಮನೆಮಂದಿ ಕೂಡಿ ನೋಡುವ ಜಾಹೀರಾತು’ ಅಂತ ಬೇರೆ ಪಟ್ಟಿ ಮಾಡಿದೀವಲ್ಲ, ಅದರಲ್ಲಿ ಅದಕ್ಕೇ ಒಂದನೇ ಸ್ಥಾನ.”

ಪಿಸುಮಾತಿನ ಬಾಯಿ ಕಟ್ಟಿತು. ಅದು ಮೊದಲೇ ಕಟ್ಟಿದ ಬಾಯಿ. ಈಗ ಇನ್ನೊಂದು ಗಂಟು ಬಿತ್ತು. ಕೊನೆಗೆ ಚೀಲದಿಂದ ಜಾಹೀರಾತಿನ ಪ್ರತಿ ತೆಗೆದು, ಕೈಸನ್ನೆಯಲ್ಲೇ ಟೀವಿ ತೋರಿಸಿದಳು. ಒಂದೇ ಒಂದು ಸಲ.

ಸಹಾಯಕಿ ಹಾಕಿದಳು. ಟೀವಿಯಲ್ಲಿ ಮುಚ್ಚಿದ ಬಾಗಿಲೊಂದು ಮೂಡಿತು.

*ಟಿಂಗ್-ಟಾಂಗ್.*

“ನಾನು ನೋಡ್ತೀನಿ,” ಎಂದು ಸಹಾಯಕಿ ಎದ್ದಳು. “ಕೊರಿಯರ್ ಇರಬೇಕು, ಸಹಿ ಮಾಡ್ಬೇಕು,” ಎಂದು ತಜ್ಞರೂ ಹಿಂದೆಯೇ ಹೋದರು. ಇಬ್ಬರೂ ಬರುವಷ್ಟರಲ್ಲಿ ನೆಂಟರು ತಲೆ ಬಾಚಿಕೊಂಡು ಮುಗಿದಿತ್ತು.

“ಯಾರೂ ಇಲ್ಲ. ಇನ್ನೊಂದ್ಸಲ ಹಾಕಿ.”

*ಟಿಂಗ್-ಟಾಂಗ್.*

“ಈಗ ಬಂದ ನೋಡು,” ಎಂದು ಇಬ್ಬರೂ ಮತ್ತೆ ಎದ್ದರು.

ಖಾಲಿಯಾದ ಎರಡು ಕುರ್ಚಿಗಳನ್ನು ನೋಡುತ್ತಿದ್ದ ಪಿಸುಮಾತಿನ ತಲೆಯಲ್ಲಿ ದೀಪ ಹತ್ತಿತು. ಸ್ಟುಡಿಯೋದವರು ಕೊಟ್ಟ ಬೆಲ್ಲಿನ ಸದ್ದು ತಟ್ಟೆಗೆ ಚಮಚ ಬಡಿದ ಹಾಗಿತ್ತು. ನಿಜದ ಮನೆಯ ಹಾಗೆ ಕೇಳಬೇಕು ಎಂದು ಹಟಹಿಡಿದು, ತನ್ನ ಮನೆಯ ಬಾಗಿಲಿನ ಬೆಲ್ಲನ್ನೇ ಫೋನಿನಲ್ಲಿ ಹಿಡಿದು ತಂದು ಸೇರಿಸಿದ್ದವಳು ಅವಳೇ. ಮೇಷ್ಟ್ರು ಸಗಟಾಗಿ ತಂದ ಬೆಲ್ಲು. ಊರಿನ ಅರ್ಧ ಬಾಗಿಲುಗಳಿಗಿರುವ ಬೆಲ್ಲು. ಬೆಲ್ಲು ಒತ್ತಿ ಓಡಿಹೋಗುವ ಆ ಕಿಡಿಗೇಡಿ ಯಾರು? ಕೋಲು ಹಿಡಿದು ಮೇಷ್ಟ್ರು ಕಾಯುತ್ತಿದ್ದುದು ಯಾರನ್ನು? ಇವಳನ್ನೇ!

ಇಬ್ಬರೂ ವಾಪಸು ಬಂದು ಕೂತರು. ಅವಳು ತಾನೇ ಗುಂಡಿ ಒತ್ತಿದಳು. *ಟಿಂಗ್-ಟಾಂಗ್.* ತಜ್ಞರ ಮೈ ಕುರ್ಚಿಯಿಂದ ಗೇಣುದ್ದ ಮೇಲೆದ್ದಿತ್ತು.

“ಕೂತ್ಕೊಳ್ಳೀ!”

ಆ ಕೂಗು ಎಲ್ಲಿಂದ ಬಂತೆಂದು ಮೊದಲು ಹುಡುಕಿದವಳು ಅವಳೇ. ತಜ್ಞರು ಧೊಪ್ಪನೆ ಕೂತರು. ಸಹಾಯಕಿ ಕುರ್ಚಿಯ ಕೈ ಹಿಡಿದುಕೊಂಡಳು. ಕೂತಲ್ಲೇ ಪೂರ್ತಿ ನೋಡಿದರು: ಬಾಗಿಲು, ನೆಲ, ನೆಂಟರು, ಬಾಚಣಿಗೆ.

“ಇದು... ನೆಲ,” ಅಂದರು ತಜ್ಞರು.

“ನೆಲವೇ, ಸಾರ್.”

“ಹಾಗಾದ್ರೆ ಎದ್ದು ಹೋದವರೆಲ್ಲ...”

“ಬಾಗಿಲು ತೆಗೆಯೋಕೆ ಹೋದವರು, ಸಾರ್. ನಮ್ಮ ಆಫೀಸಿನವರನ್ನ ಬಿಟ್ರೆ ಈ ಊರಲ್ಲಿ ಇದನ್ನ ಪೂರ್ತಿ ನೋಡಿದವರು ಈಗ ನೀವಿಬ್ಬರೇ.”

ತಜ್ಞರ ಮುಖ ಗಾಳಿ ಬಿಟ್ಟ ಬಲೂನಾಯಿತು. ತಪ್ಪು ಒಪ್ಪಿಕೊಂಡರೆ ಮರ್ಯಾದೆ ಏನಾಗಬೇಕು, ಪೆಟ್ಟಿಗೆಯ ಮರ್ಯಾದೆ ಏನಾಗಬೇಕು ಎಂದು ಗೊಣಗಿದರು. ಆಗ ಸಹಾಯಕಿ, “ಸಾರ್, ಇದನ್ನೇ ನಮ್ಮ ಪೇಪರಿನ ಟೀವಿ ಚಾನೆಲ್ಲಲ್ಲಿ ಹಾಕಿದ್ರೆ? ‘ಇಡೀ ಊರನ್ನೇ ಎಬ್ಬಿಸಿದ ಬೆಲ್’ ಅಂತ?” ಅಂದಳು. ಬಲೂನಿಗೆ ಮತ್ತೆ ಗಾಳಿ ತುಂಬಿತು. “ಸಂಜೆ ವಾರ್ತೆಗೇ ಹಾಕ್ಸೋಣ! ನಾವು ಮಾಡಿದ ತಪ್ಪನ್ನ ನಮಗಿಂತ ಮೊದಲು ಬೇರೆ ಯಾರೂ ಹೇಳಬಾರದು!”

ರಸ್ತೆಗೆ ಬಂದವಳೇ ಬಾಸ್‌ಗೆ ಫೋನ್ ಮಾಡಿದಳು. ಎಲ್ಲ ಕೇಳಿ ಬಾಸ್ ಒದ್ದೆ ಕರವಸ್ತ್ರ ಕಿತ್ತೆಸೆದಿರಬೇಕು. ಫಟ್ ಎಂದ ಸದ್ದು ಇಲ್ಲಿಗೇ ಕೇಳಿಸಿತು. “ಭಲೇ! ಸಾಹುಕಾರರ ಮನೇಲೇ ಕೂತು ನೋಡ್ತೀನಿ, ನಿನ್ನ ಆರ್ಡರು ಜೇಬಲ್ಲಿಟ್ಕೊಂಡು. ಅವರ ಮನೆ ನಿಮ್ಮ ಬೀದಿ ತುದೀಲೇ ಅಲ್ವಾ? ಟೀವಿಲಿ ಬಂದ ತಕ್ಷಣ ಸಹಿ. ನೀನೂ ಮನೆಗೆ ಹೋಗು, ಆರಾಮಾಗಿ ನೋಡು.”

ಅವಳು ಬೀದಿಯಲ್ಲಿ ನಡೆದು ಬಂದದ್ದಲ್ಲ, ತೇಲಿ ಬಂದದ್ದು. ಮನೆಗೆ ಬಂದವಳೇ ಫೋನನ್ನು ಚೀಲದಲ್ಲಿ, ಚೀಲವನ್ನು ಒಳಕೋಣೆಯಲ್ಲಿ ಎಸೆದು, ತಾನೇ ಬಾಗಿಲು ಬಾಗಿಲಿಗೂ ಹೋಗಿ ಎಲ್ಲರನ್ನೂ ಕರೆದಳು. ಕರೆಯುವುದೇನು ಬಂತು, ಎಲ್ಲರೂ ಕಾದೇ ಇದ್ದರು. ಸಂಜೆ ವಾರ್ತೆಯ ಹೊತ್ತಿಗೆ ಆ ಪುಟ್ಟ ಹಾಲಿನಲ್ಲಿ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಜನ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೋಲು ಊರಿ ಕೂತರು. ಟೈಲರಮ್ಮ ಬರುವಾಗಲೇ ಮುಂಬಾಗಿಲು ಭದ್ರವಾಗಿ ಹಾಕಿ ಚಿಲಕ ಜಡಿದು ಬಂದಳು. ಅವಳಿಗೆ ಇನ್ನೂ ಆಸೆ ಬತ್ತಿರಲಿಲ್ಲ.

ಪಿಸುಮಾತು ಟೀವಿ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡಳು. “ಈಗ ಬೆಲ್ ಆಗುತ್ತೆ. ಅದು ನಮ್ಮ ಬಾಗಿಲಲ್ಲ, ಟೀವಿ. ಯಾರೂ ಏಳಬೇಡಿ.”

“ನಮಗಷ್ಟೂ ಗೊತ್ತಾಗಲ್ವೇನೇ?” ಅಂದಳು ಅತ್ತೆ.

*ಟಿಂಗ್-ಟಾಂಗ್.*

ಹಾಲಿಗೆ ಹಾಲೇ ಎದ್ದು ನಿಂತಿತು.

“ಕೂತ್ಕೊಳ್ಳಿ! ಎಲ್ರೂ!”

ಎಲ್ಲರೂ ಕೂತರು, ಮೇಷ್ಟ್ರೂ ಸೇರಿ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಯಾರೋ ಕೂತ್ಕೊಳ್ಳಿ ಅಂದಿದ್ದರು. ಆಮೇಲೆ ಇಡೀ ಕಟ್ಟಡ ಉಸಿರು ಹಿಡಿದು ಒರೆಸಿದ ನೆಲವನ್ನು ನೋಡಿತು. ನೆಂಟರು ತಲೆ ಬಾಚಿಕೊಂಡರು. ಮುಗಿಯಿತು.

“ಇಷ್ಟೇನಾ?” ಅಂದರು ಮೇಷ್ಟ್ರು, ಯಾರೋ ಹತ್ತಿರದವರು ತೀರಿಕೊಂಡ ದನಿಯಲ್ಲಿ.

“ಇದಕ್ಕೆ ನಾನು ಚಿಲಕ ಬೇರೆ ಹಾಕ್ಕೊಂಡು ಬಂದೆ,” ಅಂದಳು ಟೈಲರಮ್ಮ.

ಆದರೆ ಅಮ್ಮನ ಕಣ್ಣಲ್ಲಿ ನೀರಿತ್ತು. “ನೆಲ ಎಷ್ಟು ಚೆನ್ನಾಗಿ ಹೊಳೀತಿತ್ತು ಕಣೇ.”

ಟೀವಿಯಲ್ಲಿ ತಜ್ಞರು ಬಂದು, ಜನ ಎದ್ದು ಹೋದದ್ದು ನಾಚಿಕೆಯಿಂದಲ್ಲ, ಮರ್ಯಾದೆಯಿಂದ, ಮನೆಗೆ ಬಂದವರಿಗೆ ಬಾಗಿಲು ತೆಗೆಯುವ ಸಜ್ಜನಿಕೆಯಿಂದ ಎಂದು ವಿವರಿಸಿದರು. ಒಂದನೇ ಸ್ಥಾನ ರದ್ದಾಯಿತು ಎಂದು ಕೆಂಪಕ್ಷರದಲ್ಲಿ ಬಂತು. ಮೇಷ್ಟ್ರು ಎದ್ದು ಬಂದು ಪಿಸುಮಾತಿನ ತಲೆಯ ಮೇಲೆ ಕೈಯಿಟ್ಟು, “ಆ ಕಿಡಿಗೇಡಿ ನೀನೇನಾ! ನೋಟೀಸು ಹರಿದು ಹಾಕ್ತೀನಿ,” ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಚಾನೆಲ್ಲಿನವರಿಗೆ ಒಂದು ಸಲ ತೋರಿಸಿದರೆ ಸಮಾಧಾನವೆಲ್ಲಿ? ನಾಲ್ವರನ್ನು ಕೂರಿಸಿ ಚರ್ಚೆ ಇಟ್ಟು, ನಡುನಡುವೆ ಆ ತುಣುಕನ್ನೇ ಮತ್ತೆಮತ್ತೆ ಹಾಕಿದರು. ಬೆಲ್ ಆದಾಗಲೆಲ್ಲ ಹಾಲಿನಲ್ಲಿ ಕೂತವರು ಕುರ್ಚಿ ಬಿಗಿಹಿಡಿದು, ಏಳಲಿಲ್ಲ ನೋಡು ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಅದೊಂದು ಆಟವೇ ಆಯಿತು.

*ಟಿಂಗ್-ಟಾಂಗ್.*

ಅತ್ತೆಯ ಕಿವಿ ನಿಮಿರಿತು. “ಇದು ಬಾಗಿಲದ್ದೇ ಇರಬೇಕು ಕಣೇ. ಟೀವಿಲಿ ಈಗ ಆ ಬೋಳು ತಲೆಯವನು ಮಾತಾಡ್ತಿದಾನೆ.”

*ಟಿಂಗ್-ಟಾಂಗ್, ಟಿಂಗ್-ಟಾಂಗ್.*

ಗೆದ್ದು ಗೆದ್ದು ಪಿಸುಮಾತಿನ ಎದೆ ಉಬ್ಬಿತ್ತು. ಎಷ್ಟೋ ವರ್ಷ ಗಂಟಲಲ್ಲಿ ಗಂಟು ಕಟ್ಟಿ ಇಟ್ಟಿದ್ದ ದನಿಯೆಲ್ಲ ಒಂದೇ ಸಲಕ್ಕೆ ಬಿಚ್ಚಿಕೊಂಡು, ಕಿಟಕಿಯ ಗಾಜು ನಡುಗುವ ಹಾಗೆ ಹೊರಬಂತು.

“ಕೂತ್ಕೊಳ್ಳಿ ಅತ್ತೆ! ಯಾರೂ ಬಾಗಿಲು ತೆಗೀಬೇಡಿ! ಬಡ್ಕೊಳ್ಳಲಿ, ಎಷ್ಟೊತ್ತು ಬಡ್ಕೋತಾನೋ ಬಡ್ಕೊಳ್ಳಲಿ! ಬೆಳಗಿಂದ ನನ್ನ ಮಾನ ಕಳೆದಿದ್ದು ಸಾಲದಾ? ಇನ್ಮೇಲೆ ಇವನಿಗೆ ಈ ಮನೇಲಿ ಯಾರೂ ಎದ್ದು ನಿಲ್ಲಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿದರು, ಟೈಲರಮ್ಮ ಸಿಳ್ಳೆ ಹಾಕಿದಳು. ಬೆಲ್ ಇನ್ನೊಂದೇ ಒಂದು ಸಲ, ಅನುಮಾನದಿಂದ, ಟಿಂಗ್ ಎಂದು ಅರ್ಧಕ್ಕೇ ನಿಂತಿತು.

“ಸೋತ ನೋಡು!” ಅಂದಳು ಅತ್ತೆ.

ಎಲ್ಲರೂ ಹೊಗಳಿ, ಬೆನ್ನು ತಟ್ಟಿ ತಂತಮ್ಮ ಮನೆಗೆ ಹೋದ ಮೇಲೆ ಪಿಸುಮಾತು ಒಳಕೋಣೆಗೆ ಹೋಗಿ ಚೀಲದಿಂದ ಫೋನು ತೆಗೆದಳು. ಬಾಸ್ ಎಷ್ಟೋ ಸಲ ಕರೆದಿದ್ದರು. ಸಂಭ್ರಮದಿಂದ ತಾನೇ ಮಾಡಿದಳು.

“ಸಾರ್! ನೋಡಿದ್ರಾ, ಸಾರ್?”

“ನೋಡಿದೆ.” ಬಾಸ್ ದನಿ ನೆಲಕ್ಕಿಂತ ಕೆಳಗಿತ್ತು. “ಸಾಹುಕಾರರೂ ನೋಡಿದ್ರು. ಅವರ ಹೆಂಡ್ತಿ ನಕ್ಕುಬಿಟ್ರು. ಸಾಹುಕಾರರಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ‘ಆ ಹುಡುಗಿಗೆ ಆರ್ಡರು ನಾನೇ ಕೈಯಾರೆ ಕೊಡ್ತೀನಿ’ ಅಂತ ನನ್ನ ಜೇಬಿಂದ ಕಿತ್ಕೊಂಡು, ಹೂಗುಚ್ಛ ಹಿಡ್ಕೊಂಡು, ನಿಮ್ಮನೆಗೆ ನಡ್ಕೊಂಡೇ ಬಂದ್ರು. ಬೆಲ್ ಮಾಡಿದ್ರಂತೆ.”

ಪಿಸುಮಾತು ಮಂಚದ ಮೇಲೆ ಕೂತಳು.

“ಒಳಗಿಂದ ಯಾರೋ, ಬಡ್ಕೊಳ್ಳಲಿ ಬಿಡಿ ಅಂತ ಕೂಗಿದ್ರಂತೆ. ಆಮೇಲೆ ಎಲ್ರೂ ಚಪ್ಪಾಳೆ ಬೇರೆ ತಟ್ಟಿದ್ರಂತೆ. ಅದು ನಮ್ಮ ಹುಡುಗಿ ದನಿ ಅಲ್ವೇ ಅಲ್ಲ ಸಾರ್ ಅಂತ ನಾನು ಆಣೆ ಮಾಡಿದೆ. ‘ಹಾಗಾದ್ರೆ ಅವಳ ದನಿ ಹೇಗಿದೆ ಹೇಳು’ ಅಂದ್ರು. ನಾನೇನು ಹೇಳ್ಲಿ? ಯಾವತ್ತು ಕೇಳಿಸಿದೀಯ ನೀನು?”

“ಆರ್ಡರು, ಸಾರ್?”

“ಹರಿದು ಹಾಕಿದ್ರು. ‘ಬಂದವರು ಒಳಗೆ ಬರಲಿ ಅಂತ ಬರೆದೋಳು ನನ್ನನ್ನ ಕೊಳೆ ಜೊತೆ ಹೊರಗೇ ನಿಲ್ಲಿಸಿದಳಲ್ಲ’ ಅಂದ್ರು. ನಾನು ಕೈಕಾಲು ಹಿಡಿದು ಕೆಲಸ ಒಂದು ಉಳಿಸಿದೀನಿ. ನಾಳೆಯಿಂದ ಮತ್ತೆ ಪ್ರೊಬೇಷನ್ನು, ಮೊದಲಿಂದ. ಬಾಗಿಲು ತೆಗೆಯೋದು ಕಲಿಯೋವರೆಗೂ.”

ಫೋನು ಕೈಯಲ್ಲಿ ಹಾಗೇ ಇತ್ತು. ಆಗಲೇ ಕೇಳಿಸಿತು.

*ಟಿಂಗ್-ಟಾಂಗ್.*

ಸಾಹುಕಾರರು! ಮನಸ್ಸು ಕರಗಿ ವಾಪಸು ಬಂದಿದ್ದಾರೆ! ಪಿಸುಮಾತು ಮಂಚದಿಂದ ಹಾರಿ, ಹಾಲಿನ ಖಾಲಿ ಕುರ್ಚಿಗಳನ್ನು ಎಡವಿ, ಚಿಲಕ ಕಿತ್ತು ಬಾಗಿಲನ್ನು ಅಗಲಕ್ಕೆ ತೆರೆದಳು.

ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ನಾಲ್ಕು ಹೂವಿನ ಎಸಳು ಬಿದ್ದಿದ್ದವು. ಎದುರಿಗೆ ಟೈಲರಮ್ಮ ತನ್ನ ಬಾಗಿಲು ತೆರೆದು ನಿಂತಿದ್ದಳು. ಕೆಳಗೆ ಮೇಷ್ಟ್ರ ಬಾಗಿಲೂ ತೆರೆದು, ಮೊದಲು ಕೋಲು, ಆಮೇಲೆ ಮೂಗು ಹೊರಬಂತು. ಮೇಲಿನ ಮಹಡಿಯಲ್ಲೂ ಒಂದೊಂದಾಗಿ ಚಿಲಕ ಸರಿದವು. ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಟೀವಿ ಹೇಳುತ್ತಿತ್ತು: ‘ಬಂದವರು ಒಳಗೆ ಬರಲಿ, ಕೊಳೆ ಹೊರಗೇ ಇರಲಿ.’

“ಯಾರೇ ಬಂದಿದ್ದು?” ಎಂದು ಒಳಗಿಂದ ಅತ್ತೆ ಕೂಗಿದಳು.

“ನನ್ನ ಜಾಹೀರಾತೇ, ಅತ್ತೆ,” ಅಂದಳು ಪಿಸುಮಾತು. ಅದು ಯಾರಿಗೂ ಕೇಳಿಸಲಿಲ್ಲ.